ನಾಲ್ಕನೇ ನಂಬರಿನ ಜರ್ಸಿ

ಮಾರ್ಚ್ 3, ಭಾನುವಾರ

ಬರೆಯಬಾರದು ಎಂದುಕೊಂಡಿದ್ದೆ. ಆದರೆ ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತವಳಿಗೆ ಕೈಗೆ ಬೇರೆ ಕೆಲಸ ತೋಚುತ್ತಿಲ್ಲ. ಚೀಲದಲ್ಲಿ ಕವಿತೆಯ ಪುಸ್ತಕವೊಂದಿದೆ. ತೆರೆಯಲು ಮನಸ್ಸಾಗುತ್ತಿಲ್ಲ.

ಶುಕ್ರವಾರ ಸಂಜೆ ಇವರು ಅಂಗಿಗಳ ಕೋಣೆಯಲ್ಲಿ ಬಿದ್ದರು. ಮೆದುಳಿನ ಎಡಭಾಗದಲ್ಲಿ ರಕ್ತ ಹೆಪ್ಪುಗಟ್ಟಿದೆಯಂತೆ. ಬಲಗೈ, ಬಲಗಾಲು ಸ್ವಾಧೀನದಲ್ಲಿಲ್ಲ. ಮಾತು ಪೂರ್ತಿ ನಿಂತಿದೆ. ನಾವು ಹೇಳಿದ್ದು ಅವರಿಗೆ ತಿಳಿಯುತ್ತದೆ, ಹೇಳಬೇಕಾದ್ದೂ ಒಳಗೆ ಇದ್ದೇ ಇರುತ್ತದೆ, ಹೊರಗೆ ಬರುವ ದಾರಿ ಮುಚ್ಚಿದೆ ಅಷ್ಟೇ ಎಂದರು ಡಾಕ್ಟರು. ಅಷ್ಟೇ.

ಮೊದಲ ದಿನ ಡಾಕ್ಟರು ಮೊದಲು ಕೇಳಿದ್ದು, ಎಷ್ಟು ಹೊತ್ತಿಗೆ ಬಿದ್ದರು ಎಂದು. ಆರು ಐವತ್ತು ಎಂದೆ. ಸದ್ದು ಕೇಳಿದ ಕೂಡಲೇ ಹೋದಿರಾ? ಹೌದು ಎಂದೆ. ಹಾಗೆಯೇ ಬರೆದುಕೊಂಡರು. ಇವತ್ತು ರೌಂಡ್ಸಿಗೆ ಬಂದಾಗ ಅದೇ ಹಾಳೆಯ ಮೇಲೆ ಬೆರಳಿಟ್ಟು, "ನೀವು ತಡ ಮಾಡದೆ ಕರ್ಕೊಂಡು ಬಂದ್ರಿ, ಒಳ್ಳೇದಾಯ್ತು. ಇದ್ರಲ್ಲಿ ಒಂದೊಂದು ನಿಮಿಷಾನೂ ಮುಖ್ಯ" ಎಂದರು. ತಲೆಯಾಡಿಸಿದೆ.

ಅಂಗಿಗಳ ಕೋಣೆ ಎಂದು ಬರೆದೆ. ನಮ್ಮ ಮನೆಯ ಮೂರನೆಯ, ಎಲ್ಲಕ್ಕಿಂತ ಸಣ್ಣ ಕೋಣೆ ಅದು. ನನ್ನ ಮೇಜು, ಪುಸ್ತಕಗಳಿಗೆ ಎಂದು ಮಾತಾಗಿತ್ತು. ಹದಿನೆಂಟು ವರ್ಷಗಳಿಂದ ಅಲ್ಲಿ ಫುಟ್‌ಬಾಲ್ ಅಂಗಿಗಳಿವೆ. ಒಟ್ಟು ಅರವತ್ತನಾಲ್ಕು, ಎಲ್ಲವೂ ಬೇರೆ ಬೇರೆ ದೇಶಗಳ ತಂಡಗಳದು. ಕ್ಲಬ್ಬಿನದು ಒಂದೂ ಇಲ್ಲ. ಆಟಗಾರ ಕ್ಲಬ್ ಬದಲಾಯಿಸಬಹುದು, ದೇಶ ಬದಲಾಯಿಸುವುದು ಅಷ್ಟು ಸುಲಭವಲ್ಲ ಎನ್ನುವುದು ಇವರ ವಾದ. ಇವರು ಅವನ್ನು ಜರ್ಸಿ ಎನ್ನುತ್ತಾರೆ. ನನ್ನ ಬಾಯಲ್ಲಿ ಅವು ಅಂಗಿಗಳೇ. ಇವರು ಆಡುವವರಲ್ಲ, ತೊಡುವವರೂ ಅಲ್ಲ. ಲಿಫ್ಟ್ ರಿಪೇರಿಯ ಕೆಲಸ ಮುಗಿಸಿ ಗ್ರೀಸಿನ ಕೈ ತೊಳೆದು, ಆ ಕೋಣೆಗೆ ಹೋಗಿ ಹ್ಯಾಂಗರುಗಳನ್ನು ಆಚೀಚೆ ಸರಿಸುತ್ತಾರೆ. ಸರಿಸುತ್ತಿದ್ದರು. ಯಾವ ರೂಪ ಬರೆಯಬೇಕೋ ತಿಳಿಯುತ್ತಿಲ್ಲ.

ಮಾರ್ಚ್ 5, ಮಂಗಳವಾರ

ನಾದಿನಿ ಬಂದು ಎರಡು ದಿನವಾಯಿತು. ಇವರ ಒಬ್ಬಳೇ ತಂಗಿ. ಅಳುವುದನ್ನೂ ನಗುವುದನ್ನೂ ಒಟ್ಟೊಟ್ಟಿಗೆ ಮಾಡುವವಳು. ಅವಳು ಇವರ ಬಳಿ ಕೂತಿದ್ದರಿಂದ ಇವತ್ತು ನಾನು ಮನೆಗೆ ಬಂದು ಆ ಕೋಣೆಯ ಬಾಗಿಲು ತೆರೆದೆ.

ಬಿದ್ದಾಗ ವಾಂತಿಯಾಗಿತ್ತು. ಐದಾರು ಅಂಗಿಗಳು ಕೊಳೆಯಾಗಿ ಒಣಗಿದ್ದವು. ಅವನ್ನು ಮಷೀನಿಗೆ ಹಾಕಿದೆ. ಹಾಕಿದ ಮೇಲೆ ಉಳಿದವನ್ನು ನೋಡಿದೆ. ಕೆಲವಕ್ಕೆ ಧೂಳು, ಕೆಲವಕ್ಕೆ ಮುಗ್ಗುಲು ವಾಸನೆ. ಅವರು ಮನೆಗೆ ಬರುವಷ್ಟರಲ್ಲಿ ಎಲ್ಲವನ್ನೂ ಒಗೆದಿಡೋಣ ಎನಿಸಿತು. ಅವರಿಗಾಗಿ ನಾನು ಮಾಡಬಹುದಾದದ್ದು ಕಣ್ಣೆದುರಿಗೆ ಅದೊಂದೇ ಇತ್ತು. ಬೆಳಿಗ್ಗೆಯಿಂದ ಸಂಜೆಯವರೆಗೆ ಒಂಬತ್ತು ಸಲ ಮಷೀನು ತಿರುಗಿತು.

ಕೊನೆಗೆ ಉಳಿದದ್ದು ಮೇಲಿನ ಹಲಗೆಯ ಮೇಲಿದ್ದ ಒಂದು ಚಪ್ಪಟೆ ರಟ್ಟಿನ ಪೆಟ್ಟಿಗೆ. ಒಳಗೆ ತೆಳ್ಳನೆಯ ಬಿಳಿ ಕಾಗದದಲ್ಲಿ ಸುತ್ತಿದ ಬಿಳಿ ಅಂಗಿ, ಬೆನ್ನ ಮೇಲೆ ನೀಲಿಯ ನಾಲ್ಕು. ಎದೆಯಿಂದ ಅಂಚಿನವರೆಗೆ ಒಣಗಿದ ಕೆಸರು, ಎಡ ಮೊಣಕೈಯಲ್ಲಿ ಹುಲ್ಲಿನ ಹಸಿರು, ಕಾಲರಿನಲ್ಲಿ ಬೆವರಿನ ಹಳದಿ. ಇಷ್ಟು ಜೋಪಾನವಾಗಿ ಕಾಗದ ಸುತ್ತಿಡಲು ಗೊತ್ತಿದ್ದವರಿಗೆ ಅದನ್ನೊಮ್ಮೆ ಒಗೆಯಲು ಕೈ ಬರಲಿಲ್ಲವಲ್ಲ ಎಂದುಕೊಂಡೆ. ಎರಡು ಗಂಟೆ ನೆನೆಸಿ, ಬಾರ್ ಸೋಪು ಹಾಕಿ, ಹಳೆಯ ಬ್ರಷ್ಷಿನಿಂದ ಮೂರು ಸಲ ಉಜ್ಜಿದೆ. ಮುದ್ರಣಾಲಯದಲ್ಲಿ ನಾನು ಇಪ್ಪತ್ತು ವರ್ಷಗಳಿಂದ ಮಾಡುತ್ತಿರುವುದೂ ಇದನ್ನೇ: ಪಠ್ಯಪುಸ್ತಕದ ಕರಡಿನಿಂದ ತಪ್ಪುಗಳನ್ನು ತೆಗೆಯುವುದು. ಒಂದು ಕಲೆಯೂ ಉಳಿಯಲಿಲ್ಲ. ಬಾಲ್ಕನಿಯಲ್ಲಿ ಹರವಿದಾಗ ತಪ್ಪಿಲ್ಲದ ಪುಟದಂತೆ ಕಂಡಿತು. ಐದು ದಿನಗಳಲ್ಲಿ ಮೊದಲ ಸಲ ಹೊಟ್ಟೆ ತುಂಬ ಉಂಡೆ.

ಮಾರ್ಚ್ 6, ಬುಧವಾರ

ಇವತ್ತು ನನ್ನ ಮುಖವನ್ನೇ ನೋಡುತ್ತ ಬಾಯಿ ತೆರೆದರು. "ಬ" ಎಂದರು. ಮತ್ತೆ "ಬ". ಕುತ್ತಿಗೆಯ ನರ ಉಬ್ಬಿತು. ನಾದಿನಿ ಹತ್ತಿರ ಬಾಗಿ, ಹೇಳಣ್ಣ, ಹೇಳು ಎಂದಳು. ನಾನು ನೀರಿನ ಬಾಟಲಿ ತುಂಬಿಸಿಕೊಂಡು ಬರುತ್ತೇನೆಂದು ಹೊರಗೆ ಬಂದೆ. ಬಾಟಲಿ ತುಂಬಿಯೇ ಇತ್ತು.

ಮಾರ್ಚ್ 9, ಶನಿವಾರ

ಆದದ್ದನ್ನು ಆದ ಹಾಗೆಯೇ ಬರೆಯುತ್ತೇನೆ.

ಬಿದ್ದಾಗ ಇವರ ಕನ್ನಡಕ ಒಡೆದಿತ್ತು. ಹೊಸದನ್ನು ಕೊಡಲು ಕನ್ನಡಕದಂಗಡಿಯವರು ಮನೆಗೆ ಬಂದರು. ಇವರ ಹಾಗೆಯೇ ಜರ್ಸಿಯ ಹುಚ್ಚಿರುವ ಮನುಷ್ಯ, ಇವರಿಗಿರುವ ಒಬ್ಬನೇ ಸ್ನೇಹಿತ. ಬಂದಾಗಲೆಲ್ಲ ಇಬ್ಬರೂ ಆ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಗುಸುಗುಸು ಎನ್ನುತ್ತಿದ್ದರು, ನಾನು ಟೀ ಕೊಟ್ಟು ಬರುತ್ತಿದ್ದೆ. ಇವತ್ತು ಕೂರಿಸಿ ಟೀ ಕೊಟ್ಟೆ. ಅವರ ಕಣ್ಣು ಬಾಲ್ಕನಿಯತ್ತ ಹೋಯಿತು.

"ಅಕ್ಕ, ಆ ಬಿಳೀದು ಯಾವುದು?"

"ನಾಲ್ಕನೇ ನಂಬರಿಂದು. ಪೆಟ್ಟಿಗೇಲಿತ್ತು. ಕೊಳೆ ಬಿಡಿಸೋಕೆ ಮೂರು ಸಲ ಉಜ್ಜಬೇಕಾಯ್ತು ನೋಡಿ."

ಕಪ್ಪನ್ನು ಕೆಳಗಿಟ್ಟರು. ಎದ್ದು ಹೋಗಿ ಅಂಗಿಯ ತುದಿ ಹಿಡಿದು, ಒಳಗೆ ಹೊರಗೆ ತಿರುಗಿಸಿ ನೋಡಿದರು. ಬಂದು ಕೂತರು. ನಾನೇ ಕೇಳಿದೆ, ಬಣ್ಣ ಹೋಯಿತೇ ಎಂದು.

ಅಂಗಡಿಯಲ್ಲಿ ಕೊಂಡ ಜರ್ಸಿಗಳನ್ನು ಒಗೆದರೆ ಏನೂ ಆಗುವುದಿಲ್ಲವಂತೆ. ಆಟಗಾರ ಮೈದಾನದಲ್ಲಿ ತೊಟ್ಟು ಆಡಿದ ಜರ್ಸಿಯನ್ನು ಮಾತ್ರ ಸಂಗ್ರಹಕಾರರು ಎಂದೂ ಒಗೆಯುವುದಿಲ್ಲವಂತೆ. ಆ ಮಣ್ಣು, ಆ ಹುಲ್ಲು, ಆ ಬೆವರಿಗಾಗಿಯೇ ಅದನ್ನು ಇಟ್ಟುಕೊಳ್ಳುವುದು. ಅರವತ್ತನಾಲ್ಕರಲ್ಲಿ ಅಂಥದ್ದು ಇವರಲ್ಲಿ ಇದ್ದದ್ದು ಒಂದೇ.

"ಮ್ಯಾಚು ಎಲ್ಲರಿಗೂ ಮುಗಿದಿತ್ತು ಅಕ್ಕ," ಎಂದರು. "ಆ ಜರ್ಸೀಲಿ ಮಾತ್ರ ಮುಗಿದಿರ್ಲಿಲ್ಲ."

ಆಮೇಲೆ ಅವರು ಹೇಳಿದ ಕಥೆ ನನಗೆ ಗೊತ್ತಿರಲಿಲ್ಲ. ಇಪ್ಪತ್ತೆರಡು ವರ್ಷ ಜೊತೆಗೆ ಬಾಳಿದವಳಿಗೆ ಗೊತ್ತಿರಲಿಲ್ಲ.

ಹದಿನಾಲ್ಕು ವರ್ಷಗಳ ಹಿಂದೆ ಒಂದು ಪುಟ್ಟ ದ್ವೀಪದೇಶದ ತಂಡ ಇಲ್ಲಿ ಆಡಲು ಬಂದಿತ್ತು. ಸುರಿವ ಮಳೆಯಲ್ಲಿ ಹನ್ನೊಂದು ಗೋಲು ತಿಂದು ಸೋತಿತು. ಮೈದಾನದಲ್ಲಿ ಸ್ನಾನಕ್ಕೆ ನೀರಿಲ್ಲದೆ ಆಟಗಾರರು ಕೆಸರಿನಲ್ಲೇ ಹೋಟೆಲಿಗೆ ಮರಳಿದರು. ಅವರಲ್ಲಿ ಒಬ್ಬ, ನಾಲ್ಕನೇ ನಂಬರಿನವನು, ಉಳಿದವರ ಮುಖ ನೋಡಲಾರದೆ ಕೊನೆಗೆ ಒಬ್ಬನೇ ಲಿಫ್ಟು ಹತ್ತಿದ. ಲಿಫ್ಟು ಎರಡು ಮಹಡಿಗಳ ನಡುವೆ ನಿಂತಿತು. ಇವರಿಗೆ ಕರೆ ಬಂತು. ಬೇಕಾದ ಬಿಡಿಭಾಗ ಡಿಪೋದಿಂದ ಬರಬೇಕಿತ್ತು. ಅದು ಬರುವವರೆಗೂ ಇವರು ನೆಲದ ಮೇಲೆ ಮಲಗಿ, ಬಾಗಿಲಿನ ಸಂದಿಗೆ ಬಾಯಿಟ್ಟು ಮಾತಾಡುತ್ತಲೇ ಇದ್ದರಂತೆ. ಅವನ ಭಾಷೆ ಇವರಿಗೆ ಬಾರದು, ಇವರದು ಅವನಿಗೆ ಬಾರದು. ಹೇಳಿದ್ದೇನು ಎಂದು ಕೇಳಿದೆ. "ನಾನಿಲ್ಲೇ ಇದ್ದೀನಿ, ನಾನಿಲ್ಲೇ ಇದ್ದೀನಿ. ಅಷ್ಟೇ ಅಂತೆ, ಒಂದೂಕಾಲು ಗಂಟೆ. ಲಿಫ್ಟಲ್ಲಿ ಸಿಕ್ಕಿಕೊಂಡೋರಿಗೆ ಮೊದಲು ಬೇಕಾಗೋದು ಸ್ಪ್ಯಾನರ್ ಅಲ್ಲ, ದನಿ ಅಂತ ಯಾವಾಗ್ಲೂ ಹೇಳ್ತಿದ್ದ." ಹೊರಗೆ ಬಂದವನು ಇವರ ಹೆಗಲ ಮೇಲೆ ತಲೆಯಿಟ್ಟು ಅತ್ತನಂತೆ. ಆಮೇಲೆ ಜರ್ಸಿ ಬಿಚ್ಚಿ ಕೈಗೆ ಕೊಟ್ಟನಂತೆ.

ಆ ಸಂಜೆ ನನಗೆ ನೆನಪಿದೆ. ಒದ್ದೆ ಬಟ್ಟೆಯೊಂದನ್ನು ಎದೆಗೊತ್ತಿಕೊಂಡು ಬಾಗಿಲಲ್ಲಿ ನಿಂತು ಏನನ್ನೋ ಹೇಳಲು ಬಾಯಿ ತೆರೆದಿದ್ದರು. "ಅದನ್ನ ಹೊರಗಿಡಿ, ನೆಲವೆಲ್ಲ ಕೆಸರು" ಎಂದಿದ್ದೆ.

ಮಾರ್ಚ್ 10, ಭಾನುವಾರ

ಬಚ್ಚಲಿನ ನೀರು ಹೋಗುವ ಜಾಲರಿಯನ್ನು ಎತ್ತಿ ನೋಡಿದೆ. ಏನನ್ನು ಹುಡುಕಿದೆನೋ.

ಮಾರ್ಚ್ 14, ಗುರುವಾರ

ಮಾತು ಕಲಿಸುವ ಹುಡುಗಿ ಬರತೊಡಗಿದ್ದಾಳೆ. ಸ್ಪೀಚ್ ಥೆರಪಿಸ್ಟ್. ನಮಗೆ ಮಗಳಿದ್ದಿದ್ದರೆ ಹೆಚ್ಚುಕಡಿಮೆ ಅವಳ ವಯಸ್ಸಾಗಿರುತ್ತಿತ್ತು. ಮೊನ್ನೆ ಲೋಟ, ಚಮಚ, ಬಾಚಣಿಗೆಯ ಚಿತ್ರ ತೋರಿಸಿದಳು. ಇವರು ಗೋಡೆ ನೋಡಿದರು. ಸಾರ್‌ಗೆ ತುಂಬ ಇಷ್ಟವಾದದ್ದು ಏನಾದರೂ ಇದ್ದರೆ ತನ್ನಿ ಎಂದಳು. ನಿನ್ನೆ ಅದನ್ನು ಕೇಳಿಸಿಕೊಂಡೂ ಬರಿಗೈಯಲ್ಲಿ ಹೋಗಿದ್ದೆ. ಇವತ್ತು ಹ್ಯಾಂಗರಿನಿಂದ ಕೈಗೆ ಸಿಕ್ಕಿದ ಒಂದನ್ನು ತೆಗೆದುಕೊಂಡು ಹೋದೆ. ಬಿಳಿ, ಹೆಗಲಿನಿಂದ ಸೊಂಟಕ್ಕೆ ಓರೆಯಾಗಿ ಕೆಂಪು ಪಟ್ಟಿ.

ಇವರು ಎಡಗೈಯಿಂದ ಆ ಪಟ್ಟಿಯನ್ನು ಸವರಿದರು. ತುಟಿ ಕೂಡಿಸಿದರು, ಬಿಡಿಸಿದರು. "ಪೆರು" ಎಂದರು.

ಹದಿಮೂರು ದಿನಗಳಾದ ಮೇಲೆ ಮೊದಲ ಮಾತು. ನಾದಿನಿ ನನ್ನನ್ನು ಗಟ್ಟಿಯಾಗಿ ತಬ್ಬಿಕೊಂಡು ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು, "ಅತ್ತಿಗೆ, ಬೇಜಾರು ಮಾಡ್ಕೋಬೇಡಿ. ನಿಮ್ಮ ಹೆಸರು ಕರೆಯೋಕೆ ಮುಂಚೆ ಇನ್ನೂ ಅರವತ್ತಮೂರು ದೇಶ ಇದೆ, ಕ್ಯೂನಲ್ಲಿ ನಿಂತ್ಕೊಳ್ಳಿ" ಎಂದಳು.

ಹುಡುಗಿ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದಳು: ಹೀಗೆ ಒಂದೊಂದೇ ಪದ ಬರುತ್ತದೆ. ಎರಡು ಪದ ಜೋಡಿಸಿ ಹೇಳಿದ ದಿನ ನಾವು ಗೆದ್ದಂತೆ. "ಆಮೇಲೆ ಬಿದ್ದ ದಿನ ಏನಾಯ್ತು ಅನ್ನೋದನ್ನೂ ಅವರೇ ಹೇಳ್ತಾರೆ ನೋಡಿ ಮೇಡಂ." ಇದನ್ನು ಅವಳು ಸಿಹಿ ಸುದ್ದಿಯಂತೆ ಹೇಳಿದಳು. ಸಿಹಿ ಸುದ್ದಿಯೇ ತಾನೆ. ಸಂತೋಷ ಎಂದೆ. ಬಸ್ಸಿನಲ್ಲಿ ಎರಡು ನಿಲ್ದಾಣ ಮುಂದೆ ಹೋಗಿ ಇಳಿದೆ.

ಮಾರ್ಚ್ 19, ಮಂಗಳವಾರ

ಆರು ಪದಗಳಾಗಿವೆ. ಪೆರು, ಜಮೈಕಾ, ಕೆಂಪು, ನೀರು, ಬೇಡ. ಕೆಂಪು-ಬಿಳಿ ಚೌಕಳಿಯದನ್ನು ಒಯ್ದಾಗ "ಕ್ರೊ" ಎಂದು ನಿಂತು, ಮುಂದಿನದು ಬಾರದೆ ಮಂಚದ ಸರಳಿಗೆ ಗುದ್ದಿದರು. ಅದನ್ನೂ ಒಂದು ಪದವೆಂದು ಹುಡುಗಿ ಲೆಕ್ಕಕ್ಕೆ ಹಿಡಿದಳು.

ಯಾವ ದಿನ ಯಾವುದನ್ನು ಒಯ್ಯಬೇಕು ಎಂದು ಕೇಳಲು ಕನ್ನಡಕದಂಗಡಿಗೆ ಹೋಗುತ್ತಿದ್ದೇನೆ. ಜರ್ಸಿಯ ಒಳಹೊಲಿಗೆಯಲ್ಲಿ ಉಗುರಿನಷ್ಟು ಅಗಲದ ಚೀಟಿಯೊಂದಿರುತ್ತದೆ. ಅದರ ಮೇಲಿನ ಅಂಕೆಗಳಿಂದ ಯಾವ ವರ್ಷದ ತಯಾರಿಕೆ, ಅಸಲಿಯೋ ನಕಲಿಯೋ ತಿಳಿಯಬಹುದು. ಭೂತಗನ್ನಡಿ ಕೊಟ್ಟು ನೋಡಲು ಹೇಳಿಕೊಟ್ಟರು. ನಿನ್ನೆ ಮನೆಯಲ್ಲಿ ಎಲ್ಲವನ್ನೂ ನೋಡಿದೆ. ಹಸಿರು ಜರ್ಸಿಯೊಂದರ ಚೀಟಿಯಲ್ಲಿ ವರ್ಷ ತಾಳೆಯಾಗಲಿಲ್ಲ. ಕಾಲರಿನ ಹೊಲಿಗೆಯೂ ಒಂದೆಳೆಯದು, ಇರಬೇಕಾದ್ದು ಎರಡೆಳೆ. ನಕಲಿ. ಅವರಿಗೆ ಫೋನು ಮಾಡಿ ಹೇಳಿದರೆ, "ಅದು ಹತ್ತು ವರ್ಷದಿಂದ ನಮ್ಮಿಬ್ಬರ ಕಣ್ಣಿಗೂ ಬಿದ್ದಿರ್ಲಿಲ್ಲ ಅಕ್ಕ" ಎಂದರು. ಮುದ್ರಣಾಲಯದಲ್ಲಿ ತಪ್ಪು ಹಿಡಿದರೆ ಯಾರೂ ಹೀಗೆ ಹೇಳುವುದಿಲ್ಲ.

ಇವತ್ತು ಸಂಜೆ ಇವರು ನನ್ನ ಕೈಯಲ್ಲಿದ್ದ ಹಳದಿ ಜರ್ಸಿಯನ್ನು ಪಕ್ಕಕ್ಕೆ ತಳ್ಳಿದರು. ಎಡಗೈ ಎತ್ತಿ ನಾಲ್ಕು ಬೆರಳು ತೋರಿಸಿದರು. ನಾಲ್ಕು ಗಂಟೆಗೆ ಏನು ಎಂದು ಕೇಳಿದೆ. ತಲೆ ಅಲ್ಲಾಡಿಸಿ ಮತ್ತೆ ನಾಲ್ಕು ಬೆರಳು. ನಾಲ್ಕು ಮಾತ್ರೆಯೇ ಎಂದೆ. ಕಣ್ಣು ಮುಚ್ಚಿಕೊಂಡರು. ಅರ್ಥವಾಗದವಳಂತೆ ನಟಿಸುವುದು ಇಷ್ಟು ಸುಲಭ ಎಂದು ತಿಳಿದಿರಲಿಲ್ಲ.

ಮಾರ್ಚ್ 20, ಬುಧವಾರ

ನಾಲ್ಕು ಬೆರಳು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ.

ಮಾರ್ಚ್ 21, ಗುರುವಾರ

ಯಾರೂ ಓದದ ಪುಸ್ತಕದಲ್ಲೂ ಸುಳ್ಳು ಬರೆಯುತ್ತಿದ್ದೇನೆ ಎಂದು ಇವತ್ತು ಹಿಂದಿನ ಪುಟಗಳನ್ನು ತಿರುವಿದಾಗ ಕಂಡಿತು. ಮೊದಲ ದಿನದ ಪುಟದಲ್ಲೇ ಇದೆ.

ಇವರು ಬಿದ್ದದ್ದು ಆರು ಹತ್ತಕ್ಕೆ.

ಆ ಶುಕ್ರವಾರ ಸಂಜೆ ಒಂದು ಪೊಟ್ಟಣ ಬಂದಿತ್ತು, ಇನ್ನೊಂದು ಜರ್ಸಿ. ನಾನು ಕೆಲಸದಿಂದ ಬಂದು ಊಟದ ಮೇಜಿನ ಮೇಲೆ ಕರಡು ಹರಡಿಕೊಂಡಿದ್ದೆ, ನನಗೆ ಬೇರೆ ಜಾಗವಿಲ್ಲ. ಇವರು ಕರಡನ್ನು ಒಂದು ಬದಿಗೆ ಸರಿಸಿ ಪೊಟ್ಟಣ ಬಿಚ್ಚಿದರು. ಹಾಳೆಗಳು ಕಲಸಿಹೋದವು. ನಾನು ಕೂಗಾಡಲಿಲ್ಲ, ಕೂಗಾಡುವ ಸ್ವಭಾವ ನನ್ನದಲ್ಲ. ತಣ್ಣಗೆ ಹೇಳಿದೆ: "ನಾನು ಸತ್ತರೆ ನಿಮಗೆ ಗೊತ್ತಾಗೋದು ಯಾವಾಗ ಗೊತ್ತಾ? ಈ ಅಂಗಿಗಳಿಗೆ ಇನ್ನೊಂದು ಕೋಣೆ ಖಾಲಿಯಾಯ್ತಲ್ಲ ಅಂದ್ಕೊಂಡಾಗ." ಇವರು ಉತ್ತರ ಕೊಡದೆ ಜರ್ಸಿ ಎತ್ತಿಕೊಂಡು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

ನಾನು ಕರಡು ಬಿಟ್ಟು ಕವಿತೆಯ ಪುಸ್ತಕ ತೆಗೆದೆ. ಮನಸ್ಸು ಕೆಟ್ಟಾಗ ನಾನು ಮಾಡುವುದು ಅದು. ಒಂದು ಪುಟ ಆಗಿರಬೇಕು. ದೊಪ್ಪನೆ ಸದ್ದಾಯಿತು. ಗೋಡೆಯ ಗಡಿಯಾರ ನೋಡಿದೆ, ಆರು ಹತ್ತು. ಸಿಟ್ಟಿಗೆ ಪೆಟ್ಟಿಗೆಗಳನ್ನು ನೆಲಕ್ಕೆ ಕುಕ್ಕುತ್ತಿದ್ದಾರೆ ಎಂದುಕೊಂಡೆ. ಹಾಗೆ ಹಿಂದೆಯೂ ಒಂದೆರಡು ಸಲ ಮಾಡಿದ್ದರು. ಆಮೇಲೆ ದನಿ ಕೇಳಿತು. ಮಾತಲ್ಲ, ಬಾಯಿ ತುಂಬ ಬಟ್ಟೆ ತುರುಕಿಕೊಂಡು ಕರೆದ ಹಾಗೆ. ಎರಡು ಸಲ. ಮೂರನೆಯ ಸಲ ಸಣ್ಣದಾಗಿ. ಕರೆಯಲಿ, ಈಗ ನಾನಾಗಿ ಹೋಗುವುದಿಲ್ಲ, ಬೇಕಾದರೆ ಅವರೇ ಬಂದು ಮಾತಾಡಲಿ ಎಂದುಕೊಂಡು ಪುಟ ತಿರುವಿದೆ. ಆ ಸಂಜೆ ಹನ್ನೆರಡು ಕವಿತೆ ಓದಿದೆ. ಒಂದು ಸಾಲೂ ನೆನಪಿಲ್ಲ.

ಆರು ಐವತ್ತಕ್ಕೆ, ಟೀ ಬೇಕೇ ಎಂದು ಕೇಳುವ ನೆಪದಲ್ಲಿ ಬಾಗಿಲು ತಳ್ಳಿದೆ. ಕಣ್ಣು ತೆರೆದೇ ಇದ್ದರು. ಬಾಗಿಲನ್ನೇ ನೋಡುತ್ತಿದ್ದರು.

ನಲವತ್ತು ನಿಮಿಷ. ಬೇಗ ಹೋಗಿದ್ದರೆ ಕೈ ಬರುತ್ತಿತ್ತೇ, ಮಾತು ಉಳಿಯುತ್ತಿತ್ತೇ ಎಂದು ಡಾಕ್ಟರನ್ನು ಕೇಳುವ ಹಾಗಿಲ್ಲ, ಬೇಗನೇ ಹೋದೆ ಎಂದು ಹೇಳಿಯಾಗಿದೆ. "ಬ" ಎಂದದ್ದು ಯಾವ ಮಾತಿನ ಮೊದಲಕ್ಷರ ಎಂದು ನನಗೆ ಗೊತ್ತು. ಬರಲಿಲ್ಲ. ಅವರು ಮಾತು ಕಲಿಯುತ್ತಿರುವುದು ಅದನ್ನು ಹೇಳುವುದಕ್ಕೆ. ಕಲಿಸಲು ದಿನಕ್ಕೊಂದು ಜರ್ಸಿ ಒಯ್ಯುತ್ತಿರುವವಳು ನಾನು.

ಮಾರ್ಚ್ 22, ಶುಕ್ರವಾರ

ಒಯ್ದೆ. ಇವತ್ತು ಕಿತ್ತಳೆ ಬಣ್ಣದ್ದು. ಹೊಸ ಪದ: ಹಾಲೆಂಡ್.

ಮಾರ್ಚ್ 24, ಭಾನುವಾರ

ಇದನ್ನು ಮಾಡಿದವಳು ನಾನೇ ಎಂದು ನಂಬಲಾಗುತ್ತಿಲ್ಲ.

ಮಾತು ಕಲಿಸುವ ಹುಡುಗಿಗೆ ನಾಲ್ಕು ಬೆರಳಿನ ಅರ್ಥ ತಿಳಿದುಬಿಟ್ಟಿದೆ. ಕನ್ನಡಕದಂಗಡಿಯವರು ಆಸ್ಪತ್ರೆಗೆ ಬಂದಾಗ ಅವಳಿಗೂ ನಾದಿನಿಗೂ ಆ ಮ್ಯಾಚಿನ ಕಥೆಯನ್ನು ಬಾಯಿ ತಪ್ಪಿ ಹೇಳಿದ್ದಾರೆ. ಶುಕ್ರವಾರಕ್ಕೆ ಆ ಜರ್ಸಿ ತರಲೇಬೇಕು, ಅದರಿಂದ ದೊಡ್ಡ ಮಾತು ಬರಬಹುದು ಎಂದಳು. ಆಗಲಿ ಎಂದೆ.

ಅಂಗಡಿಗೆ ಹೋಗಿ ಆ ದಿನದ ಫೋಟೋ ಏನಾದರೂ ಇದೆಯೇ ಎಂದು ಕೇಳಿದೆ. ಇತ್ತು. ಹೋಟೆಲಿನ ಕಾರಿಡಾರಿನಲ್ಲಿ ಇವರು, ಪಕ್ಕದಲ್ಲಿ ಕೆಸರು ಜರ್ಸಿಯ ಎತ್ತರದ ಆಟಗಾರ. ಕಲೆ ಎಲ್ಲೆಲ್ಲಿದೆ ನೋಡಲು ತೆಗೆದುಕೊಂಡವಳು ಬಹಳ ಹೊತ್ತು ಇವರ ಮುಖ ನೋಡಿದೆ. ಇಷ್ಟು ಹಲ್ಲು ಬಿಟ್ಟು ನಕ್ಕದ್ದನ್ನು ಮನೆಯಲ್ಲಿ ಎಂದು ಕಂಡೆನೋ.

ಆಸ್ಪತ್ರೆಯ ಹಿಂದಿನ ಶಾಲೆಯ ಮೈದಾನದಿಂದ ಊಟದ ಡಬ್ಬಿಯಲ್ಲಿ ಮಣ್ಣು ತಂದೆ. ಒಂದು ಹಿಡಿ ಹುಲ್ಲನ್ನೂ ಕಿತ್ತೆ. ಫೋಟೋವನ್ನು ಎದುರಿಗೆ ಆನಿಸಿಟ್ಟು, ಮಣ್ಣು ಕಲಸಿ, ಬೆರಳಿನಿಂದ, ಬ್ರಷ್ಷಿನಿಂದ, ಕಡೆಗೆ ಅಂಗೈಯಿಂದ ಹಚ್ಚಿದೆ. ಮೊಣಕೈಗೆ ಹುಲ್ಲು ತಿಕ್ಕಿದೆ. ಕೊಳೆ ತೆಗೆಯುವುದರಲ್ಲೇ ಆಯುಷ್ಯ ಕಳೆದವಳು ಕೊಳೆ ತಿದ್ದುತ್ತ ಕೂತಿದ್ದೆ: ಇಲ್ಲಿ ಸ್ವಲ್ಪ ಹೆಚ್ಚಾಯಿತು, ಅಲ್ಲಿ ಅಂಚು ಹರಡಬೇಕು. ಹೊತ್ತು ಹೋದದ್ದೇ ತಿಳಿಯಲಿಲ್ಲ. ಹೇಳಲು ನಾಚಿಕೆ, ಖುಷಿಯೂ ಆಗುತ್ತಿತ್ತು.

ಬೆವರಿಗೆ ಏನು ಮಾಡುವುದು? ಒಣಗಿದ ಮೇಲೆ ಅದನ್ನು ನಾನೇ ತೊಟ್ಟೆ. ಮೊಣಕಾಲಿನವರೆಗೆ ಬಂತು. ನಮ್ಮ ಕಟ್ಟಡಕ್ಕೆ ಆರು ಮಹಡಿ. ಮೆಟ್ಟಿಲು ಹತ್ತಿದೆ, ಇಳಿದೆ, ಹತ್ತಿದೆ. ನಾಲ್ಕನೆಯ ಸುತ್ತಿಗೆ ಎದೆ ಹೊಡೆದುಕೊಳ್ಳತೊಡಗಿತು. ಏಳನೆಯ ಸುತ್ತಿನಲ್ಲಿ, ಆಸ್ಪತ್ರೆಯಿಂದ ಬಂದ ನಾದಿನಿ ಎರಡನೇ ಮಹಡಿಯ ತಿರುವಿನಲ್ಲಿ ಎದುರಾದಳು. ಮೈತುಂಬ ಕೆಸರು, ಕೆದರಿದ ಕೂದಲು, ಬೆನ್ನ ಮೇಲೆ ನಾಲ್ಕು. ಅವಳು ಕೈಚೀಲ ಕೆಳಗಿಟ್ಟಳು.

"ಅತ್ತಿಗೆ, ಹನ್ನೊಂದು ಗೋಲು ಆದ್ಮೇಲೆ ನಿಮ್ಮನ್ನ ಇಳಿಸಿದ್ರಾ?"

ಅಲ್ಲಿಯೇ ಮೆಟ್ಟಿಲ ಮೇಲೆ ಕೂತು ನಗತೊಡಗಿದೆ. ನಗು ನಿಲ್ಲಲಿಲ್ಲ. ಆಮೇಲೆ ಅದು ನಗುವಾಗಿ ಉಳಿಯಲಿಲ್ಲ. ಅವಳು ಏನೂ ಕೇಳದೆ ಬೆನ್ನು ಸವರುತ್ತ ಕೂತಳು, ಅವಳ ಸೀರೆಗೂ ಮಣ್ಣಾಯಿತು. ಹೇಳಿಬಿಡಬೇಕು ಎನಿಸಿತು. ಹೇಳಲಿಲ್ಲ.

ಮಾರ್ಚ್ 27, ಬುಧವಾರ

ಕನ್ನಡಕದಂಗಡಿಯವರು ಭೂತಗನ್ನಡಿ ಹಿಡಿದು ನೋಡಿದರು. ಕಾಲರು, ಮೊಣಕೈ, ಅಂಚು. "ಕಣ್ಣಿಗೆ ಗೊತ್ತಾಗಲ್ಲ ಅಕ್ಕ" ಎಂದರು. ನನ್ನ ಮುಖ ಅರಳಿರಬೇಕು. ಅವರು ಜರ್ಸಿಯನ್ನು ನಿಧಾನವಾಗಿ ಕಾಗದದಲ್ಲಿ ಸುತ್ತಿ ನನ್ನತ್ತ ಸರಿಸಿದರು. "ಆದ್ರೆ ಇದನ್ನ ನಾನು ನೋಡೇ ಇಲ್ಲ ಅಂತ ಇಟ್ಕೊಳ್ಳಿ. ಅವನು ನನ್ನನ್ನ ಕೇಳಿದ್ರೆ ನನಗೆ ಸುಳ್ಳು ಬರಲ್ಲ."

ಮಾರ್ಚ್ 29, ಶುಕ್ರವಾರ

ಮಧ್ಯಾಹ್ನ ಮೂರು ಗಂಟೆ. ಮಾತು ಕಲಿಸುವ ಕೋಣೆ. ಒಂದು ಮೇಜು, ಮೂರು ಕುರ್ಚಿ, ಇವರು ಗಾಲಿಕುರ್ಚಿಯಲ್ಲಿ. ಪೊಟ್ಟಣವನ್ನು ಮೇಜಿನ ಮೇಲಿಟ್ಟೆ.

ಇವರು ಎಡಗೈಯಿಂದ ಕಾಗದ ಬಿಡಿಸಿದರು. ಸಹಾಯಕ್ಕೆ ಹೋದ ನನ್ನ ಕೈಯನ್ನು ಸರಿಸಿದರು. ಮುಂಭಾಗ ನೋಡಿದರು, ತಿರುವಿ ಬೆನ್ನು ನೋಡಿದರು. "ನಾಲ್ಕು" ಎಂದರು, ಸ್ಪಷ್ಟವಾಗಿ. ಹುಡುಗಿ ಬರೆದುಕೊಂಡಳು. ಎದೆಯ ಮೇಲಿನ ಮಣ್ಣನ್ನು ಹೆಬ್ಬೆರಳಿನಿಂದ ತಡವಿದರು, ಆ ಮುಖದಲ್ಲಿ ಒಂದು ಕ್ಷಣ ಫೋಟೋದ ನಗು ಬಂದು ನಿಂತ ಹಾಗಾಯಿತು. ಗೆದ್ದೆ ಎಂದುಕೊಂಡೆ. ಹಾಗೆ ಅಂದುಕೊಂಡದ್ದನ್ನೂ ಬರೆದಿಡುತ್ತಿದ್ದೇನೆ.

ಆಮೇಲೆ ಕಾಲರನ್ನು ಮೂಗಿನ ಬಳಿ ಹಿಡಿದರು. ಉಸಿರೆಳೆದುಕೊಂಡರು. ಮತ್ತೊಮ್ಮೆ. ಜರ್ಸಿಯನ್ನು ಕೆಳಗಿಟ್ಟು ನನ್ನನ್ನು ನೋಡಿದರು.

"ನೀನು" ಎಂದರು.

ಹುಡುಗಿ ಮುಂದೆ ಬಾಗಿದಳು. ಮುಂದಿನ ಪದ ಯಾವುದೆಂದು ನನಗೆ ಗೊತ್ತಿತ್ತು. ಇಪ್ಪತ್ತೆಂಟು ದಿನಗಳಿಂದ ಆ ಪದ ಬರಲೆಂದು ಆಸ್ಪತ್ರೆಗೆ ಹೋಗಿದ್ದೇನೆ, ಬಾರದಿರಲಿ ಎಂದು ಮನೆಗೆ ಬಂದಿದ್ದೇನೆ. ಇವರ ದವಡೆ ಒಂದು ಬದಿಗೆ ಎಳೆಯಿತು. ನಾಲಗೆ ಹಲ್ಲಿಗೆ ತಾಗಿತು, ಜಾರಿತು, ಮತ್ತೆ ತಾಗಿತು.

"ತೊ. ತೊಳೆದೆ. ನೀನು ತೊಳೆದೆ."

ಹುಡುಗಿ ಕುರ್ಚಿ ಬಿಟ್ಟು ಎದ್ದೇ ಬಿಟ್ಟಳು. ಎರಡು ಪದ, ಪೂರ್ತಿ ವಾಕ್ಯ ಎಂದು ಕೈ ತಟ್ಟಿದಳು. ಇನ್ನೊಮ್ಮೆ ಹೇಳಿ ಸಾರ್ ಎಂದಳು. ನೀನು ತೊಳೆದೆ. ಇನ್ನೊಮ್ಮೆ. ನೀನು ತೊಳೆದೆ. ಪ್ರತಿ ಸಲವೂ ನನ್ನ ಕಣ್ಣಲ್ಲಿ ಕಣ್ಣಿಟ್ಟು, ಪ್ರತಿ ಸಲವೂ ಹಿಂದಿನದಕ್ಕಿಂತ ಸ್ಪಷ್ಟವಾಗಿ. ನಾನು ಏಳು ಸುತ್ತು ಮೆಟ್ಟಿಲು ಹತ್ತಿ ತುಂಬಿದ ಬೆವರು ನನ್ನದೇ ಎಂದು ಇವರಿಗೆ ಗೊತ್ತಾಗಿತ್ತು. ಇಪ್ಪತ್ತೆರಡು ವರ್ಷ ಒಂದೇ ಹಾಸಿಗೆಯಲ್ಲಿ ಮಲಗಿದ ಮನುಷ್ಯನಿಗೆ ಅದು ಗೊತ್ತಾಗುತ್ತದೆ ಎನ್ನುವುದು ನನಗೇಕೆ ಹೊಳೆಯಲಿಲ್ಲ?

"ನೀವೂ ಉತ್ತರ ಕೊಡಿ ಮೇಡಂ," ಎಂದಳು ಹುಡುಗಿ. "ಮಾತು ಅಂದ್ರೆ ಇಬ್ಬರದ್ದು. ಅವರು ಹೇಳಿದ್ದಕ್ಕೆ ನೀವು ಸುಮ್ಮನಿದ್ರೆ ಅವರೂ ನಿಲ್ಲಿಸಿಬಿಡ್ತಾರೆ. ಚಿಕ್ಕ ಚಿಕ್ಕ ವಾಕ್ಯ ಸಾಕು."

"ಹೌದು. ನಾನು ತೊಳೆದೆ."

"ಹಾಂ, ಹಾಗೇ. ಮುಂದೆ?"

"ಮಣ್ಣು ನಾನು ಹಚ್ಚಿದೆ."

"ಮುಂದೆ?"

"ಅವತ್ತು ನೀವು ಕರೆದ್ರಿ. ನನಗೆ ಕೇಳಿಸ್ತು. ನಾನು ಬರಲಿಲ್ಲ."

ಹುಡುಗಿಯ ಪೆನ್ನು ನಿಂತಿತು. ಅವಳು ನನ್ನನ್ನು ನೋಡಿದಳು, ಇವರನ್ನು ನೋಡಿದಳು, ಆಮೇಲೆ ತನ್ನ ಹಾಳೆಯನ್ನು ನೋಡಿದಳು.

ಇವರು ಮುಖ ತಿರುಗಿಸಲಿಲ್ಲ. ನನಗೆ ಕೇಳಿಸಲಿಲ್ಲವೇನೋ ಎಂಬಂತೆ, 'ಗೊತ್ತು' ಎನ್ನುವುದನ್ನು ಎರಡು ಸಲ ಹೇಳಿದರು.

"ಗೊತ್ತು. ಗೊತ್ತು."

ಆಮೇಲೆ ಗಾಲಿಕುರ್ಚಿಯನ್ನು ಎಡಗೈಯಿಂದ ತಿರುಗಿಸಿಕೊಂಡು ಕಿಟಕಿಯ ಕಡೆಗೆ ಹೊರಟರು. ಅದು ನೇರವಾಗಿ ಹೋಗಲಿಲ್ಲ, ಒಂದು ಚಕ್ರವೇ ಉರುಳಿ ಅರ್ಧ ಸುತ್ತಿ ನಿಂತಿತು. ಬೆನ್ನು ನನ್ನ ಕಡೆಗಿತ್ತು. ಆ ಬೆನ್ನು ಅಲುಗಿದ್ದನ್ನು ಕಂಡೆ. ಹುಡುಗಿ ಹೊರಗೆ ಹೋಗಲೇ ಎಂದು ಕಣ್ಣಲ್ಲೇ ಕೇಳಿದಳು, ಹೋಗಬೇಡ ಎಂದು ನಾನೂ ಕಣ್ಣಲ್ಲೇ ಹೇಳಿದೆ. ಹೊರಗೆ ಯಾರೋ ನರ್ಸ್ ಯಾರನ್ನೋ ಊಟವಾಯಿತೇ ಎಂದು ಕೇಳುತ್ತಿದ್ದಳು.

ನಾನು ಎದ್ದು ಅವರ ಹಿಂದೆ ಹೋಗಿ ನಿಂತೆ. ಮುಟ್ಟಲಿಲ್ಲ. ನಾನಿಲ್ಲೇ ಇದ್ದೀನಿ ಎನ್ನಲು ಬಾಯಿ ತೆರೆದೆ. ಅದು ಅವರ ಮಾತು, ಅದನ್ನು ಹೇಳುವ ಹಕ್ಕು ನನಗಿಲ್ಲ ಎನಿಸಿ ಸುಮ್ಮನಾದೆ.

ಬಹಳ ಹೊತ್ತಿನ ಮೇಲೆ ಇವರು ಮೇಜಿನ ಕಡೆಗೆ ಬೆರಳು ತೋರಿಸಿದರು.

"ಮಡಿಸು."

ಜರ್ಸಿಯನ್ನು ತೆಗೆದುಕೊಂಡು, ಎಲ್ಲ ಬಟ್ಟೆ ಮಡಿಸುವ ಹಾಗೆ ನಡುವಿನಿಂದ ಮಡಿಸಿದೆ.

"ಹಾಗಲ್ಲ."

ಬಿಡಿಸಿದೆ. ಅವರ ತೊಡೆಯ ಮೇಲೆ ಹರವಿದೆ. ಅವರು ಎಡಗೈಯಿಂದ ಒಂದು ತೋಳನ್ನು ಬೆನ್ನ ಹಿಂದಕ್ಕೆ ಮಡಿಸಿ, ಇನ್ನೊಂದನ್ನು ಮಡಿಸಲಾರದೆ ನನ್ನನ್ನು ನೋಡಿದರು. ನಾನು ಮೊಣಕಾಲೂರಿ ಕೂತು ಅದನ್ನು ಮಡಿಸಿದೆ. ಅಂಚನ್ನು ಮೇಲಕ್ಕೆ ತರಲು ಸನ್ನೆ ಮಾಡಿದರು, ತಂದೆ. ಎದೆಯ ಮೇಲಿನ ಲಾಂಛನ ಎಲ್ಲೂ ಮುರಿಯದೆ ಮೇಲೆ ಬಂದು ಕೂತಿತು. ನಾನು ಹಚ್ಚಿದ ಮಣ್ಣಿನ ಪುಡಿ ಅವರ ಪೈಜಾಮದ ಮೇಲೆ ಉದುರಿತ್ತು. ಅದನ್ನು ಕೊಡವಲು ಕೈ ಚಾಚಿದೆ.

"ಬೇಡ" ಎಂದರು. "ಇರ್ಲಿ."